ಕುಪ್ಪಳ್ಳಿಯಲ್ಲಿ ಗಾಳಿಯ ಲೆಕ್ಕ

ಗಾಳಿಯು ಕಣ್ಣಿಗೆ ಕಾಣದ ವಸ್ತು. ಕಾಣದುದನ್ನು ಅಳೆಯುವುದು ಕಷ್ಟ. ಅಳೆದುದನ್ನು ಇತರರಿಗೆ ತಿಳಿಯುವಂತೆ ಹೇಳುವುದು ಅದಕ್ಕಿಂತಲೂ ಕಷ್ಟ. ನಮ್ಮ ಹಿರಿಯರು ಮಳೆಯನ್ನು ನಕ್ಷತ್ರದಿಂದಲೂ ಗಾಳಿಯನ್ನು ದಿಕ್ಕಿನಿಂದಲೂ ಗುರುತಿಸುತ್ತಿದ್ದರು. ಪಡುವಲ ಗಾಳಿ, ಮೂಡಲ ಗಾಳಿ ಎಂದರೆ ಅವರಿಗೆ ಸಾಕಾಗಿದ್ದಿತು. ಈಗಲಾದರೋ ಮನೆಮನೆಗೂ ಕೈಫೋನು ಬಂದಿದೆ. ಅದರೊಳಗಣ ಹವಾಮಾನದ ಆ್ಯಪು ಗಾಳಿಯು ಗಂಟೆಗೆ ಇಷ್ಟು ಕಿಲೋಮೀಟರು ಎಂದು ಅಂಕೆಯನ್ನೇ ತೋರಿಸುತ್ತದೆ. ಚಂಡಮಾರುತದ ದಿನಗಳಲ್ಲಿ ಹವಾಮಾನ ಇಲಾಖೆಯವರ ಪ್ರಕಟನೆಯೂ ಒಂದು ಅಂಕೆಯನ್ನು ಕೊಡುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇರುವುದಿಲ್ಲ. ಇವೆರಡರಲ್ಲಿ ಯಾವುದನ್ನು ನಂಬಬೇಕೆಂದು ಗೃಹಸ್ಥನು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಇದಕ್ಕೆ ಉತ್ತರವನ್ನು ಸಮುದ್ರದ ಕರೆಯಲ್ಲಿ ಹುಡುಕುವುದು ವಾಡಿಕೆ. ಆದರೆ ಘಟ್ಟದ ಮೇಲೆ, ಕಾಡಿನ ನಡುವೆ, ಗುಡ್ಡಕ್ಕೊಂದು ಗಾಳಿ ಕಣಿವೆಗೊಂದು ಗಾಳಿ ಬೀಸುವ ಒಂದು ಊರಿನಲ್ಲಿ ಅದು ಇನ್ನೂ ಚೆನ್ನಾಗಿ ಮನಸ್ಸಿಗೆ ಹತ್ತುವುದು. ಆ ಊರು ಕುಪ್ಪಳ್ಳಿ.

ಶಿವಮೊಗ್ಗೆಯಿಂದ ಪಡುವಣಕ್ಕೆ ಹೊರಟ ಬಸ್ಸು ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆಬಿಡಾರ, ಮಂಡಗದ್ದೆಯ ಪಕ್ಷಿಧಾಮ ಇವುಗಳನ್ನು ದಾಟಿ ತೀರ್ಥಹಳ್ಳಿಯನ್ನು ಸೇರುತ್ತದೆ. ದಾರಿಯಲ್ಲಿ ತುಂಗೆಯು ಒಮ್ಮೆ ಕಾಣುವಳು, ಒಮ್ಮೆ ಮರೆಯಾಗುವಳು. ತೀರ್ಥಹಳ್ಳಿಯಲ್ಲಿ ಹೊಳೆಯೊಳಗಣ ಬಂಡೆಗಳನ್ನೂ ಅದರ ಮೇಲಣ ಕಮಾನು ಸೇತುವೆಯನ್ನೂ ನೋಡಿಕೊಂಡು ಕೊಪ್ಪದ ಹಾದಿಯನ್ನು ಹಿಡಿದರೆ ಸುಮಾರು 15 ಕಿಲೋಮೀಟರು ದೂರದಲ್ಲಿ ಗಡಿಕಲ್ಲು. ಅಲ್ಲಿಂದ ಒಳಕ್ಕೆ ತಿರುಗಿದರೆ ಕುಪ್ಪಳ್ಳಿ. ಬಯಲುಸೀಮೆಯವರು ಊರೆಂದರೆ ಭಾವಿಸುವಂತೆ ಬೀದಿ, ಕೇರಿ, ಅಗಸೆಬಾಗಿಲುಗಳುಳ್ಳ ಊರು ಇದಲ್ಲ. ಒಂದು ಮನೆ, ಅದರ ಕೆಳಗೆ ಅಡಕೆಯ ತೋಟ, ತೋಟದಾಚೆ ಗದ್ದೆಯ ಕೋಗು, ಅದರಾಚೆ ಕಾಡು, ಕಾಡಿನ ಹಿಂದೆ ಮತ್ತೊಂದು ಗುಡ್ಡ. ಆ ಗುಡ್ಡದ ಮರೆಯಲ್ಲಿ ಇನ್ನೊಂದು ಮನೆ. ಅರಬ್ಬೀ ಸಮುದ್ರವು ಇಲ್ಲಿಂದ ಹಕ್ಕಿಯ ದಾರಿಯಲ್ಲಿ ಸುಮಾರು 60 ಕಿಲೋಮೀಟರಷ್ಟೇ ಇದ್ದರೂ ನಡುವೆ ಆಗುಂಬೆಯ ಘಟ್ಟದ ಸಾಲು ನಿಂತಿರುವುದರಿಂದ ಅದರ ಸುಳಿವೇ ಹತ್ತುವುದಿಲ್ಲ. ಆದರೂ ಇಲ್ಲಿಯ ಮಳೆಯೂ ಗಾಳಿಯೂ ಆ ಸಮುದ್ರದಿಂದಲೇ ಬರತಕ್ಕವು.

ನಾವು ಅಲ್ಲಿಗೆ ಹೋದದ್ದು ಮೇ ತಿಂಗಳ ನಡುವೆ, ಕೃತ್ತಿಕೆಯ ಮಳೆಯ ದಿನಗಳಲ್ಲಿ. ಕುಪ್ಪಳ್ಳಿಗೆ ಬಂದವರು ಮೊದಲು ನೋಡುವುದು ಕವಿಮನೆಯನ್ನು. ಕುವೆಂಪು ಅವರು 1904ರ ಡಿಸೆಂಬರ್ 29ರಂದು ಹುಟ್ಟಿದುದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಾದರೂ ಬೆಳೆದುದು ಈ ಮನೆಯಲ್ಲಿ. ಈಗ ಅದು ವಸ್ತುಸಂಗ್ರಹಾಲಯ. ದಪ್ಪ ಮರದ ಕಂಬಗಳು, ನಡುವೆ ಆಕಾಶಕ್ಕೆ ತೆರೆದ ಅಂಗಳ, ಅಂಗಳದಲ್ಲಿ ತುಳಸಿ, ಮೇಲೆ ಉಪ್ಪರಿಗೆಗಳು. ಹಳೆಯ ಪಾತ್ರೆಪದಾರ್ಥಗಳನ್ನು ಇದ್ದಂತೆಯೇ ಜೋಡಿಸಿಟ್ಟಿದ್ದಾರೆ. ಮಲೆನಾಡಿನ ಗೃಹಿಣಿಯು ಒಳಹೊಕ್ಕರೆ ತನ್ನ ಅಜ್ಜಿಯ ಮನೆಯನ್ನು ಕಂಡಂತಾಗುವುದು. ನಾವು ಅಂಗಳದಲ್ಲಿ ನಿಂತಾಗ ಅಪರಾಹ್ನ. ಗಾಳಿ ಎಂಬುದೇ ಇರಲಿಲ್ಲ. ತುಳಸಿಯ ಎಲೆ ಕೂಡ ಅಲುಗಲಿಲ್ಲ.

ಮನೆಯ ಹಿಂದಣ ಗುಡ್ಡವನ್ನು ಏರತೊಡಗಿದೆವು. ಕಾಡಿನ ನೆರಳಿನಲ್ಲಿ ನಡೆಯುತ್ತಿರುವಾಗ ಒಂದು ವಿಚಿತ್ರವನ್ನು ಗಮನಿಸಿದೆವು: ತಲೆಯ ಮೇಲೆ ಮರಗಳ ತುದಿಯಲ್ಲಿ ಭೋರ್ಗರೆತ, ಕೆಳಗೆ ನಮ್ಮ ಮುಖಕ್ಕೆ ಒಂದಿಷ್ಟೂ ಗಾಳಿ ಇಲ್ಲ. ಕಾಲುಗಂಟೆಯೊಳಗಾಗಿ ಕವಿಶೈಲದ ಬಂಡೆಯ ಮೇಲೆ ಬಂದೆವು. ಇಲ್ಲಿಯೇ ಕವಿಯ ಸಮಾಧಿ; 1994ರ ನವೆಂಬರ್ 11ರಂದು ತೀರಿಕೊಂಡ ಅವರನ್ನು ತಮ್ಮ ಪ್ರೀತಿಯ ಬಂಡೆಯ ಬಳಿಯೇ ಮಣ್ಣುಮಾಡಿದ್ದಾರೆ. ಸುತ್ತಲೂ ಎತ್ತಿ ನಿಲ್ಲಿಸಿದ ದೊಡ್ಡ ಕಲ್ಲುಗಳು, ಒಂದೆಡೆ ಬಿ. ಎಂ. ಶ್ರೀಕಂಠಯ್ಯ, ಟಿ. ಎಸ್. ವೆಂಕಣ್ಣಯ್ಯ ಇವರ ಹೆಸರಿನ ಗುರುತುಗಳನ್ನು ಕುವೆಂಪು ಅವರದರೊಡನೆ ಬಂಡೆಯಲ್ಲಿ ಕೊರೆದಿರುವುದನ್ನು ತೋರಿಸುತ್ತಾರೆ. ಪಡುವಣಕ್ಕೆ ನೋಡಿದರೆ ಬೆಟ್ಟದ ಹಿಂದೆ ಬೆಟ್ಟ, ಹಸುರಿನಿಂದ ನೀಲಿಗೆ ತಿರುಗಿ ಮುಗಿಲಿನಲ್ಲಿ ಕರಗುವ ತೆರೆಗಳು. ಆ ತೆರೆಗಳ ಮೇಲಿಂದ ಬರುತ್ತಿದ್ದ ಗಾಳಿಯು ಬಂಡೆಯ ಅಂಚಿನಲ್ಲಿ ನಿಂತವರ ಸೆರಗನ್ನೂ ಪಂಚೆಯನ್ನೂ ಹಿಡಿದೆಳೆಯುತ್ತಿದ್ದಿತು, ಕೊಡೆಯನ್ನು ಬಿಚ್ಚುವಂತಿರಲಿಲ್ಲ.

ಜೊತೆಯಲ್ಲಿದ್ದ ಹುಡುಗನೊಬ್ಬನು ಫೋನನ್ನು ತೆಗೆದು ನೋಡಿದನು. ಕೆಳಗಣ ಅಂಗಳದಲ್ಲಿ ಇದ್ದಾಗ ಅದು ತೋರಿಸಿದ ಅಂಕೆಯನ್ನೇ ಇಲ್ಲಿಯೂ ತೋರಿಸುತ್ತಿದ್ದಿತು. ಅಂಗಳಕ್ಕೂ, ಕಾಡಿನ ನೆರಳಿಗೂ, ಮರದ ತುದಿಗೂ, ಬಂಡೆಯ ನೆತ್ತಿಗೂ ಒಂದೇ ಅಂಕೆ! ಕಾಲುಗಂಟೆಯ ನಡಿಗೆಯಲ್ಲಿ ನಾಲ್ಕು ಬಗೆಯ ಗಾಳಿಯನ್ನು ಕಂಡ ನಮಗೆ ಇದು ವಿನೋದವಾಗಿ ತೋರಿತು.

ಆ ರಾತ್ರಿ ನಾವು ಉಳಿದುಕೊಂಡುದು ಸಮೀಪದ ಒಂದು ತೋಟದ ಮನೆಯಲ್ಲಿ. ಯಜಮಾನರು ಎಪ್ಪತ್ತು ದಾಟಿದವರು, ಊರವರಿಗೆಲ್ಲ ಗೌಡರು. ಜಗಲಿಯಲ್ಲಿ ಚಾಪೆಯ ಮೇಲೆ ಒಣಹಾಕಿದ್ದ ಹಲಸಿನ ಹಪ್ಪಳವನ್ನು ಮನೆಯಾಕೆ ಅವಸರವಾಗಿ ಒಳಕ್ಕೆ ಸಾಗಿಸುತ್ತಿದ್ದರು. ಕಾಫಿ ಕುಡಿಯುತ್ತ ಮಾತು ಗಾಳಿಯ ಕಡೆಗೆ ತಿರುಗಿತು. ಗೌಡರು 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಮಾತನ್ನೆತ್ತಿದರು. ಆಗ ಕೊರೋನಾ ಬೇನೆಯ ಕಾಲ. ಮನೆಯಿಂದ ಹೊರಗೆ ಹೋಗುವಂತಿಲ್ಲದೆ ಎಲ್ಲರೂ ಟೀವಿಯನ್ನೂ ಫೋನನ್ನೂ ನೋಡುತ್ತ ಕುಳಿತಿದ್ದ ದಿನಗಳು.

“ಎಂತ ಹೇಳೂದು ಮಾರಾಯ್ರೆ! ಟೀವಿಯಲ್ಲಿ ನೂರೈವತ್ತು, ನೂರೆಂಬತ್ತು ಅಂತ ಕೂಗ್ತಾ ಇದ್ರು. ಮೊಮ್ಮಗ ಫೋನ್ ನೋಡಿ, ‘ಅಜ್ಜಯ್ಯ, ನಮ್ಮಲ್ಲಿ ಹದಿನೆಂಟೇ’ ಅಂದ. ಹದಿನೆಂಟು ಎಂತ ಗಾಳಿ ಅಂತ ನಾವು ಸುಮ್ನೆ ಕೂತ್ವಿ. ಬೆಳಗಾಗೂದ್ರೊಳಗೆ ತೋಟದಂಚಿನಲ್ಲಿ ಐದಾರು ಮರ ಮುರಿದು ಬಿದ್ದಿದ್ವು. ನೂರೆಂಬತ್ತು ಬಂದಿದ್ರೆ ಮನೆಯೇ ಉಳೀತಿರ್ಲಿಲ್ಲ. ಹದಿನೆಂಟೇ ಆಗಿದ್ರೆ ಮರ ಬೀಳ್ತಿರ್ಲಿಲ್ಲ. ಹಂಗಾದ್ರೆ ಸುಳ್ಳು ಹೇಳಿದ್ದು ಯಾರು?”

ಯಾರೂ ಸುಳ್ಳು ಹೇಳಿರಲಿಲ್ಲ. ಎರಡು ಅಂಕೆಗಳೂ ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು. ನಾವು ಅವನ್ನು ಒಂದೇ ಪ್ರಶ್ನೆಯ ಉತ್ತರವೆಂದು ತಿಳಿದುದರಿಂದ ಗೊಂದಲ ಹುಟ್ಟಿತು. ಗೌಡರ ಜಗಲಿಯಲ್ಲಿ ಆ ರಾತ್ರಿ ನಡೆದ ಚರ್ಚೆಯನ್ನು ವಾಚಕರಿಗಾಗಿ ಕ್ರಮವಾಗಿ ಬಿಡಿಸಿ ಹೇಳುವೆನು.

ಮೊದಲನೆಯದು ಸ್ಥಳದ ಮಾತು. ತೌಕ್ತೆಯು 2021ರ ಮೇ 14ರಂದು ಲಕ್ಷದ್ವೀಪದ ಬಳಿ ವಾಯುಭಾರದ ಕುಸಿತವಾಗಿ ಕಾಣಿಸಿಕೊಂಡಿತು. (ಈ ಹೆಸರನ್ನು ಕೊಟ್ಟವರು ಮಯನ್ಮಾರಿನವರು, ಅವರ ಭಾಷೆಯಲ್ಲಿ ಇದು ಗಟ್ಟಿಯಾಗಿ ಕೂಗುವ ಒಂದು ಜಾತಿಯ ಹಲ್ಲಿ.) ಕೇರಳ, ಕರ್ನಾಟಕ, ಗೋವಾ, ಮಹಾರಾಷ್ಟ್ರಗಳ ಕರೆಗೆ ಸಮಾನಾಂತರವಾಗಿ ಸಮುದ್ರದ ಮೇಲೆಯೇ ಉತ್ತರಕ್ಕೆ ಸಾಗುತ್ತ ದಿನದಿನಕ್ಕೆ ಬಲಗೊಂಡು, ಮೇ 17ರ ರಾತ್ರಿ ಗುಜರಾತಿನಲ್ಲಿ ದೀವ್ ಬಳಿ ನೆಲವನ್ನು ಮುಟ್ಟಿತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದರ ಅತಿ ಹೆಚ್ಚಿನ ವೇಗವು ಗಂಟೆಗೆ 185 ಕಿಲೋಮೀಟರು. ನೆಲ ಮುಟ್ಟುವಾಗ 160ರಿಂದ 170. ಈ ಅಂಕೆಯು ಇಡೀ ಚಂಡಮಾರುತದ ಗಾಳಿಯಲ್ಲ. ಅದರ ಕಣ್ಣಿನ ಸುತ್ತಲಿರುವ ಬಳೆಯಂಥ ಮೋಡದ ಗೋಡೆಯಲ್ಲಿ, ಎಲ್ಲಕ್ಕಿಂತಲೂ ಬಿರುಸಾದ ಒಂದು ತಾಣದ ಗಾಳಿ. ದೀವ್ ಕುಪ್ಪಳ್ಳಿಯಿಂದ ಸುಮಾರು 900 ಕಿಲೋಮೀಟರು. ಅಲ್ಲಿಯ ಅಂಕೆಯನ್ನು ಇಲ್ಲಿ ಕೇಳಿ ಹೆದರುವುದು, ಕಾಶಿಯ ಬೇಸಗೆಯನ್ನು ಕೇಳಿ ಮಡಿಕೇರಿಯಲ್ಲಿ ಬೆವರಿದಂತೆ. ಇಲಾಖೆಯು ಚಂಡಮಾರುತದ ಬಲವನ್ನು ಹೇಳುತ್ತದೆ. ಫೋನು ನಾವಿರುವ ತಾಣದ ಗಾಳಿಯನ್ನು ಹೇಳುತ್ತದೆ. ಅಂತರದ ಬಹುಭಾಗಕ್ಕೆ ಇದೊಂದೇ ಕಾರಣ ಸಾಕು.

ಎರಡನೆಯದು ಹೊತ್ತಿನ ಮಾತು. ಗಾಳಿಯು ಹೊಳೆಯ ನೀರಿನಂತೆ ಒಂದೇ ಸಮನೆ ಹರಿಯುವುದಿಲ್ಲ. ಏರುತ್ತದೆ, ಇಳಿಯುತ್ತದೆ, ಹೊಡೆಯುತ್ತದೆ, ನಿಲ್ಲುತ್ತದೆ. ಆದಕಾರಣ ಅದರ ವೇಗವನ್ನು ಹೇಳುವವರು ಒಂದಿಷ್ಟು ಹೊತ್ತಿನ ಸರಾಸರಿಯನ್ನು ತೆಗೆಯಲೇಬೇಕು. ಎಷ್ಟು ಹೊತ್ತು? ಇಲ್ಲಿಯೇ ದೇಶದೇಶಕ್ಕೆ ಭೇದ. ಅಮೆರಿಕೆಯವರು ಒಂದು ನಿಮಿಷದ ಸರಾಸರಿಯನ್ನು ಹೇಳುತ್ತಾರೆ. ನಮ್ಮ ಹವಾಮಾನ ಇಲಾಖೆಯವರು ಮೂರು ನಿಮಿಷದ್ದನ್ನು ಹೇಳುತ್ತಾರೆ. ಜಪಾನಿನವರದು ಹತ್ತು ನಿಮಿಷ; ಜಾಗತಿಕ ಹವಾಮಾನ ಸಂಸ್ಥೆಯು ಗೊತ್ತುಮಾಡಿರುವ ಪದ್ಧತಿಯೂ ಅದೇ. ತೀರ್ಥಹಳ್ಳಿಯಿಂದ ಗಡಿಕಲ್ಲಿನವರೆಗಿನ 15 ಕಿಲೋಮೀಟರನ್ನು ಬಸ್ಸು ಅರ್ಧ ಗಂಟೆಯಲ್ಲಿ ಮುಗಿಸಿದರೆ ಅದರ ವೇಗ ಗಂಟೆಗೆ 30 ಎನ್ನುತ್ತೇವೆ. ನೇರವಾದ ಹಾದಿಯಲ್ಲಿ ಅದು 50ರಲ್ಲಿ ಓಡಿರಬಹುದು, ತಿರುವಿನಲ್ಲಿ 15ಕ್ಕೆ ಇಳಿದಿರಬಹುದು. ಓಡಿದ ಅತಿ ವೇಗದ ಒಂದು ನಿಮಿಷವನ್ನಷ್ಟೇ ಆರಿಸಿಕೊಂಡರೆ ಅಂಕೆ ದೊಡ್ಡದಾಗುವುದು. ಹತ್ತು ನಿಮಿಷವನ್ನು ತೆಗೆದುಕೊಂಡರೆ ಸಣ್ಣದಾಗುವುದು. ಗಾಳಿಯದೂ ಹೀಗೆಯೇ. ತೆರೆದ ಸಮುದ್ರದ ಮೇಲೆ ಒಂದು ನಿಮಿಷದ ಲೆಕ್ಕದಲ್ಲಿ 100 ಎನಿಸುವ ಗಾಳಿಯು ಹತ್ತು ನಿಮಿಷದ ಲೆಕ್ಕದಲ್ಲಿ ಸುಮಾರು 93 ಆಗುವುದೆಂದು ಜಾಗತಿಕ ಸಂಸ್ಥೆಯು 2010ರಲ್ಲಿ ಸೂಚಿಸಿತು. ನಮ್ಮ ಮೂರು ನಿಮಿಷದ್ದು ಇವೆರಡರ ನಡುವೆ ನಿಲ್ಲುತ್ತದೆ.

ಇವೆಲ್ಲಕ್ಕಿಂತ ಬೇರೆಯಾದುದು ಗಾಳಿಯ ಹೊಡೆತ. ಎರಡು ಮೂರು ಸೆಕೆಂಡು ಮಾತ್ರ ಇದ್ದು ಮರವನ್ನು ಬುಡಮೇಲು ಮಾಡಿ ಹೋಗುವ ರಭಸವಿದು. ಆ್ಯಪುಗಳಲ್ಲಿ ಇದನ್ನು ‘ಗಸ್ಟ್’ ಎಂದು ಬೇರೆಯಾಗಿ ಬರೆದಿರುತ್ತಾರೆ. ಅನೇಕರು ಅದನ್ನು ನೋಡುವುದೇ ಇಲ್ಲ. ಮೀನುಗಾರರಿಗೆ ಇಲಾಖೆಯವರು ಕೊಡುವ ಎಚ್ಚರಿಕೆಯಲ್ಲಿ ‘ಗಂಟೆಗೆ 45ರಿಂದ 55, ಒಮ್ಮೊಮ್ಮೆ 65’ ಎಂದು ಇರುವುದನ್ನು ವಾಚಕರು ಕೇಳಿರಬಹುದು. ಅಲ್ಲಿ ಮೊದಲೆರಡು ಅಂಕೆಗಳು ಸರಾಸರಿ, ಕೊನೆಯದು ಹೊಡೆತ. ಮಲ್ಪೆಯ ದೋಣಿಯವನು ಕೊನೆಯ ಅಂಕೆಯನ್ನೇ ಹಿಡಿದು ಯೋಚಿಸಬೇಕು; ಏಕೆಂದರೆ ದೋಣಿಯನ್ನು ಮಗುಚುವುದು ಸರಾಸರಿಯಲ್ಲ.

ಮೂರನೆಯದು ಅಳತೆಯ ಮಾನ. ನಾವಿಕರು ನಾಟ್ ಎಂಬ ಮಾನದಲ್ಲಿ ಎಣಿಸುತ್ತಾರೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರು. ತೌಕ್ತೆಯ 185 ಕಿಲೋಮೀಟರು ಎಂಬುದು ಅವರ ಲೆಕ್ಕದಲ್ಲಿ 100 ನಾಟ್. ಅಮೆರಿಕೆಯಲ್ಲಿರುವ ಮಗನು ಕಳುಹಿಸುವ ಸುದ್ದಿಯು ಮೈಲಿಯಲ್ಲಿರುವುದು. ಕೆಲವು ಆ್ಯಪುಗಳು ಸೆಕೆಂಡಿಗೆ ಇಷ್ಟು ಮೀಟರು ಎಂದು ತೋರಿಸುವುವು. ಮಾನವನ್ನು ನೋಡದೆ ಅಂಕೆಯನ್ನು ಓದುವವನು, ಸೇರೋ ಪಾವೋ ತಿಳಿಯದೆ ಅಕ್ಕಿಯ ಬೆಲೆಯನ್ನು ಹೇಳಿದವನಂತೆ.

ನಾಲ್ಕನೆಯದನ್ನು ಕೇಳಿದಾಗ ಗೌಡರಿಗೂ ಆಶ್ಚರ್ಯವಾಯಿತು. ಸಮುದ್ರದ ನಡುವೆ ಚಂಡಮಾರುತದ ಕಣ್ಣಿನ ಪಕ್ಕದಲ್ಲಿ ಯಂತ್ರವನ್ನು ಹಿಡಿದು ನಿಂತವರು ಯಾರೂ ಇಲ್ಲ. ಬಟ್ಟಲುಗಳು ತಿರುಗುವ ಗಾಳಿಮಾಪಕವನ್ನು ಐರ್ಲೆಂಡಿನ ರಾಬಿನ್ಸನ್ ಎಂಬ ಪಂಡಿತನು 1846ರಲ್ಲಿ ರಚಿಸಿದನು. ಅದರ ಸಂತತಿಯು ಇಂದಿಗೂ ನೆಲದ ಮೇಲೆ ಕೆಲಸಮಾಡುತ್ತಿದೆ. ಆದರೆ ಸಮುದ್ರದ ಮೇಲೆ? ಅಟ್ಲಾಂಟಿಕ್ ಸಾಗರದ ಚಂಡಮಾರುತಗಳನ್ನು ಹರಿಕೇನ್ ಎನ್ನುತ್ತಾರೆ; ಹೆಸರು ಬೇರೆಯಾದರೂ ಜಾತಿ ಒಂದೇ. ಅಲ್ಲಿ ಅಮೆರಿಕೆಯವರು ವಿಮಾನವನ್ನು ನೇರವಾಗಿ ಹರಿಕೇನಿನೊಳಕ್ಕೆ ನುಗ್ಗಿಸಿ, ಯಂತ್ರಗಳನ್ನು ಕೆಳಕ್ಕೆ ಬಿಟ್ಟು ಅಳೆಯುತ್ತಾರೆ. ನಮ್ಮ ಸಮುದ್ರಗಳಲ್ಲಿ ಈ ಏರ್ಪಾಡು ವಾಡಿಕೆಯಲ್ಲಿಲ್ಲ. ಇಲ್ಲಿ ಇನ್ಸಾಟ್ ಮೊದಲಾದ ಉಪಗ್ರಹಗಳು ಮೇಲಿನಿಂದ ತೆಗೆದ ಚಿತ್ರಗಳೇ ಮುಖ್ಯ ಆಧಾರ. ವರ್ನನ್ ದ್ವೊರಾಕ್ ಎಂಬ ಅಮೆರಿಕೆಯ ವಿಜ್ಞಾನಿಯು 1970ರ ದಶಕದಲ್ಲಿ ಒಂದು ಉಪಾಯವನ್ನು ಕಂಡುಹಿಡಿದನು. ಮೋಡವು ಎಷ್ಟು ಸುತ್ತು ಸುರುಳಿಗೊಂಡಿದೆ, ಕಣ್ಣು ಎಷ್ಟು ತಿಳಿಯಾಗಿದೆ, ಸುತ್ತಲಿನ ಮೋಡದ ನೆತ್ತಿ ಎಷ್ಟು ತಣ್ಣಗಿದೆ ಎಂಬುದನ್ನು ನೋಡಿ ಬಲವನ್ನು ಅಂದಾಜು ಮಾಡುವುದೇ ಆ ಉಪಾಯ. ಅನುಭವಸ್ಥನಾದ ವೈದ್ಯನು ನಾಡಿಯನ್ನೂ ಮುಖವನ್ನೂ ನೋಡಿ ಜ್ವರವನ್ನು ಹೇಳಿದಂತೆ ಇದು. ಒಳ್ಳೆಯ ವೈದ್ಯರಿಬ್ಬರು ಒಂದೇ ರೋಗಿಯನ್ನು ನೋಡಿ ತುಸು ಬೇರೆಯಾಗಿ ಹೇಳುವುದುಂಟಷ್ಟೆ.

ಮೋಚಾ ಎಂಬ ಚಂಡಮಾರುತದ ಉದಾಹರಣೆಯನ್ನು ನೋಡಬಹುದು. 2023ರ ಮೇ 14ರಂದು ಅದು ಮಯನ್ಮಾರಿನ ಸಿತ್ವೆ ಪಟ್ಟಣದ ಬಳಿ ನೆಲವನ್ನು ಮುಟ್ಟಿತು. ಅದರ ಅತಿ ಹೆಚ್ಚಿನ ವೇಗವನ್ನು ನಮ್ಮ ಇಲಾಖೆಯವರು 215 ಕಿಲೋಮೀಟರೆಂದೂ, ಹವಾಯಿಯಲ್ಲಿರುವ ಅಮೆರಿಕೆಯ ಸೇನೆಯ ಚಂಡಮಾರುತ ಕೇಂದ್ರದವರು 280 ಎಂದೂ ಹೇಳಿದರು. ಒಂದು ನಿಮಿಷದ 280ನ್ನು ಹತ್ತು ನಿಮಿಷಕ್ಕೆ ಇಳಿಸಿದರೂ 260ರಷ್ಟು ಉಳಿಯುತ್ತದೆ. ಆದುದರಿಂದ ಈ ಭೇದವು ನಿಮಿಷಗಳದು ಮಾತ್ರವಲ್ಲ, ಒಂದೇ ಮೋಡವನ್ನು ನೋಡಿದ ಎರಡು ಕಣ್ಣುಗಳ ಅಂದಾಜಿನದೂ ಹೌದು. ಅಧಿಕೃತ ಅಂಕೆಯೆಂದರೆ ದೇವರು ಬರೆದ ಅಂಕೆಯಲ್ಲ. ತಿಳಿದವರು, ಜವಾಬ್ದಾರಿಯನ್ನು ಹೊತ್ತು, ದೊರೆತ ಸಾಕ್ಷ್ಯವನ್ನೆಲ್ಲ ತೂಗಿ ಕೊಟ್ಟ ತೀರ್ಪು.

ಇನ್ನು ಫೋನಿನ ಅಂಕೆಯು ಹೇಗೆ ಬರುತ್ತದೆ? ಅದು ನಮ್ಮ ಊರಿನಲ್ಲಿ ನೆಟ್ಟ ಯಂತ್ರವೊಂದು ಕಳುಹಿಸಿದುದೆಂದು ಅನೇಕರು ಭಾವಿಸಿದ್ದಾರೆ. ಹಾಗಲ್ಲ, ಸಾಮಾನ್ಯವಾಗಿ ಅದು ದೂರದ ಮಹಾಗಣಕವೊಂದು ಮಾಡಿದ ಲೆಕ್ಕ. ಭೂಮಂಡಲವನ್ನೆಲ್ಲ ಬಲೆಯಂತೆ ಚೌಕಗಳಾಗಿ ವಿಂಗಡಿಸಿ, ಪ್ರತಿಯೊಂದು ಚೌಕದ ಗಾಳಿ, ಶಾಖ, ಒತ್ತಡಗಳನ್ನು ಮುಂದಕ್ಕೆ ಎಣಿಸುತ್ತ ಹೋಗುತ್ತಾರೆ. ಅಮೆರಿಕೆಯವರ ಬಲೆಯ ಕಣ್ಣು ಸುಮಾರು 13 ಕಿಲೋಮೀಟರು. ಯುರೋಪಿನ ಕೇಂದ್ರದ್ದು ಸುಮಾರು 9. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ಸಿದ್ಧವಾಗಿ 2025ರ ಮೇ 26ರಂದು ಬಳಕೆಗೆ ಬಂದ ಭಾರತದ ಪದ್ಧತಿಯದು 6 ಕಿಲೋಮೀಟರು. ಹದಿಮೂರು ಕಿಲೋಮೀಟರಿನ ಚೌಕವೆಂದರೆ 169 ಚದರ ಕಿಲೋಮೀಟರು. ಕವಿಮನೆಯ ಅಂಗಳ, ಕವಿಶೈಲದ ನೆತ್ತಿ, ಗೌಡರ ತೋಟ, ಸುತ್ತಲಿನ ಹತ್ತಾರು ಗುಡ್ಡ ಕಣಿವೆ ಎಲ್ಲವೂ ಅದರೊಳಗೆ ಅಡಗಿಹೋಗುವುವು. ಅಷ್ಟಕ್ಕೂ ಸೇರಿ ಒಂದೇ ಅಂಕೆ. ಹುಡುಗನ ಫೋನು ಬಂಡೆಯ ಮೇಲೆಯೂ ಅಂಗಳದಲ್ಲಿಯೂ ಒಂದೇ ಮಾತನ್ನಾಡಿದುದು ಇದರಿಂದಲೇ. ಇಬ್ಬರ ಕೈಯಲ್ಲಿ ಎರಡು ಆ್ಯಪುಗಳಿದ್ದು ಅವು ಎರಡು ಬಲೆಗಳನ್ನು ಆಶ್ರಯಿಸಿದ್ದರೆ ಒಂದೇ ಜಗಲಿಯಲ್ಲಿ ಕುಳಿತವರಿಗೂ ಎರಡು ಅಂಕೆಗಳು ಕಾಣುವುವು.

ಚಂಡಮಾರುತದ ವಿಷಯದಲ್ಲಿ ಈ ಬಲೆಯಿಂದ ಇನ್ನೊಂದು ತೊಡಕು. ಅತಿ ಬಿರುಸಾದ ಗಾಳಿಯಿರುವ ಮೋಡದ ಗೋಡೆಯು ಕೆಲವು ವೇಳೆ ಕೆಲವೇ ಕಿಲೋಮೀಟರು ಅಗಲವಿರುವುದು. ದೊಡ್ಡ ಕಣ್ಣಿನ ಬಲೆಯಿಂದ ಸಣ್ಣ ಮೀನು ಜಾರುವಂತೆ ಆ ಬಿರುಸು ಚೌಕದ ಸರಾಸರಿಯಲ್ಲಿ ಜಾರಿಹೋಗುತ್ತದೆ. ಆದಕಾರಣ ಚಂಡಮಾರುತದ ನಟ್ಟನಡುವೆಯೇ ಬೆರಳಿಟ್ಟು ನೋಡಿದರೂ ಆ್ಯಪಿನ ನಕ್ಷೆಯು ಇಲಾಖೆಯ ಅಂಕೆಗಿಂತ ಕಡಿಮೆ ತೋರಿಸುವುದು ಅಪರೂಪವಲ್ಲ. ಹೊತ್ತಿನ ಭೇದವೂ ಉಂಟು: ಈ ದೊಡ್ಡ ಲೆಕ್ಕಗಳನ್ನು ಮುಖ್ಯವಾಗಿ ದಿನಕ್ಕೆ ನಾಲ್ಕು ಬಾರಿ, ನಮ್ಮ ಗಡಿಯಾರದ ಐದೂವರೆ, ಹನ್ನೊಂದೂವರೆಗಳ ಸ್ಥಿತಿಯಿಂದ ಮೊದಲುಮಾಡುತ್ತಾರೆ, ಮುಗಿದು ಫೋನಿಗೆ ಬರುವಷ್ಟರಲ್ಲಿ ಕೆಲವು ಗಂಟೆಗಳು ಕಳೆದಿರುತ್ತವೆ. ಚಂಡಮಾರುತದ ಕಾಲದಲ್ಲಿ ಇಲಾಖೆಯು ಮೂರು ಗಂಟೆಗೊಮ್ಮೆ ಪ್ರಕಟನೆಯನ್ನು ಹೊರಡಿಸುತ್ತದೆ. ಹಳೆಯ ಲೆಕ್ಕವನ್ನೂ ಹೊಸ ಪ್ರಕಟನೆಯನ್ನೂ ಹೋಲಿಸಿದರೆ ಹೊಂದಾಣಿಕೆ ಎಲ್ಲಿಂದ ಬರಬೇಕು?

ಕೊನೆಯದು ಎತ್ತರ. ಅಧಿಕೃತ ಅಳತೆಯಾಗಲಿ ಆ್ಯಪಿನದಾಗಲಿ ನೆಲದಿಂದ 10 ಮೀಟರು ಎತ್ತರದ ಗಾಳಿಯನ್ನು ಹೇಳುತ್ತದೆ. ಅಳತೆಯ ಕಂಬವನ್ನು ಸುತ್ತಲೂ ತೆರವಾದ ಬಯಲಿನಲ್ಲಿ ನೆಡಬೇಕೆಂಬುದು ನಿಯಮ. ಸಮುದ್ರದ ಮೇಲೆ ಗಾಳಿಗೆ ತಡೆಯಿಲ್ಲ. ನೆಲಕ್ಕೆ ಬಂದೊಡನೆ ಮರ, ಮನೆ, ಗುಡ್ಡಗಳಿಗೆ ಉಜ್ಜಿ ಅದರ ವೇಗವು ತಗ್ಗುತ್ತದೆ. ಆದರೆ ಅದೇ ಉಜ್ಜುವಿಕೆಯಿಂದ ಹೊಡೆತಗಳು ಹೆಚ್ಚು ಒರಟಾಗುತ್ತವೆ. ಗುಡ್ಡದ ನೆತ್ತಿಯ ಮೇಲೆ ಹಾಯುವಾಗ ಗಾಳಿಯು ಇಕ್ಕಟ್ಟಿಗೆ ಸಿಕ್ಕಿ ಮತ್ತೆ ವೇಗಗೊಳ್ಳುತ್ತದೆ. ಕವಿಶೈಲದ ದಾರಿಯಲ್ಲಿ ನಾವು ಕಂಡ ನಾಲ್ಕು ಬಗೆಯ ಗಾಳಿಗೆ ಇದೇ ಕಾರಣ. ಗೌಡರ ತೋಟದಲ್ಲಿ ಮುರಿದುದು ಅಂಚಿನ ಮರಗಳೇ ಎಂಬುದನ್ನು ವಾಚಕರು ಗಮನಿಸಿರಬಹುದು. ಒಳಗಣ ಮರಗಳನ್ನು ಅಂಚಿನವು ಕಾದವು.

ಇಷ್ಟನ್ನೆಲ್ಲ ತಿಳಿಯುವುದರಿಂದ ಗೃಹಸ್ಥನಿಗೆ ಪ್ರಯೋಜನವೇನು? ಹಪ್ಪಳದ ಮಟ್ಟಿಗೆ ಹೆಚ್ಚೇನೂ ಇಲ್ಲ. ಮನೆಯಾಕೆಯ ಮೂಗಿಗೆ ಬಡಿದ ಮಳೆಯ ವಾಸನೆಯೇ ಫೋನಿಗಿಂತ ಮೊದಲು ಸುದ್ದಿಯನ್ನು ತಂದಿತ್ತು. ಆದರೆ ಮಲೆನಾಡಿನಲ್ಲಿ ಗಾಳಿಯ ಅಂಕೆಯನ್ನು ನಂಬಿ ಪ್ರಾಣವನ್ನೇ ಒಡ್ಡುವ ಒಬ್ಬನಿದ್ದಾನೆ, ಅವನು ಕೊನೆಗಾರ. ಅಡಕೆಯ ಗೊನೆಗೆ ಮಳೆಗಾಲದಲ್ಲಿ ಕೊಳೆರೋಗವು ಬರುವುದನ್ನು ತೋಟದವರೆಲ್ಲ ಬಲ್ಲರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಶೋಧಿಸಿ 1910ರಲ್ಲಿ ಬರೆದರು. ಮೈಲುತುತ್ತವನ್ನೂ ಸುಣ್ಣವನ್ನೂ ಕೂಡಿಸಿದ ಬೋರ್ಡೋ ದ್ರಾವಣವೇ ಇಂದಿಗೂ ಅದಕ್ಕೆ ಮದ್ದು. ಆ ಮದ್ದನ್ನು ಮುಂಗಾರಿಗೆ ಮುನ್ನ ಒಮ್ಮೆ, ಮಳೆಯ ಬಿಡುವಿನಲ್ಲಿ ಮತ್ತೊಮ್ಮೆ ಗೊನೆಗೆ ಹೊಡೆಯಬೇಕು. ಈಚೆಗೆ ನೆಲದಲ್ಲಿಯೇ ನಿಂತು ಹೊಡೆಯುವ ಉದ್ದನೆಯ ದೋಟಿಗಳು ಬಂದಿವೆಯಾದರೂ ಮರವೇರುವವರು ಇನ್ನೂ ಇದ್ದಾರೆ. ನುರಿತ ಕೊನೆಗಾರನು ಒಂದು ಮರದ ತುದಿಯಲ್ಲಿ ಜೀಕಿ ಪಕ್ಕದ ಮರವನ್ನು ಎಳೆದು ಹಿಡಿದು ಅದಕ್ಕೆ ದಾಟಿಕೊಳ್ಳುತ್ತಾನೆ. ಆ ಒಂದು ಕ್ಷಣದಲ್ಲಿ ಮೂರು ಸೆಕೆಂಡಿನ ಹೊಡೆತವೊಂದು ಬಂದಿತೆನ್ನಿ. ಗಂಟೆಯ ಸರಾಸರಿಯು ಹದಿನೆಂಟೇ ಇದ್ದಿತೆಂದು ಆಮೇಲೆ ಹೇಳಿ ಫಲವೇನು?

ಇಲ್ಲಿ ಇನ್ನೊಂದು ಲೆಕ್ಕವನ್ನೂ ನೆನಪಿನಲ್ಲಿಡಬೇಕು. ಗಾಳಿಯ ನೂಕುವಿಕೆಯು ವೇಗದಷ್ಟೇ ಏರುವುದಿಲ್ಲ. ವೇಗದ ವರ್ಗದಂತೆ ಏರುತ್ತದೆ. ವೇಗವು ಎರಡರಷ್ಟಾದರೆ ನೂಕು ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಸರಾಸರಿ 20 ಕಿಲೋಮೀಟರಿನ ಗಾಳಿಯಲ್ಲಿ ಆಗಾಗ 40ರ ಹೊಡೆತ ಬರುತ್ತಿದ್ದರೆ, ಮರದ ತುದಿಯು ತಡೆಯಬೇಕಾದುದು ಫೋನಿನ ಮೊದಲ ಸಾಲು ಹೇಳುವುದರ ನಾಲ್ಕು ಪಟ್ಟು. ಅದೇ ತೌಕ್ತೆಯಲ್ಲಿ ಮುಂಬಯಿಯಾಚೆಯ ಸಮುದ್ರದಲ್ಲಿ ಪಿ-305 ಎಂಬ ಕೆಲಸಗಾರರ ದೋಣಿಯು ಲಂಗರು ಕಳಚಿ ಮುಳುಗಿ ಹತ್ತಾರು ಜನರು ಪ್ರಾಣವನ್ನು ಕಳೆದುಕೊಂಡರು. ಅಪಾಯದ ಮುಂದೆ ಸರಾಸರಿಯು ಯಾರನ್ನೂ ಕಾಯುವುದಿಲ್ಲ.

ಇಲಾಖೆಯ ಹೆಸರುಗಳ ಅರ್ಥವನ್ನೂ ಮನೆಯವರೆಲ್ಲ ತಿಳಿದಿರುವುದು ಒಳ್ಳೆಯದು. ಗಾಳಿಯು 62 ಕಿಲೋಮೀಟರನ್ನು ಮುಟ್ಟಿದಾಗ ಅದಕ್ಕೆ ಚಂಡಮಾರುತವೆಂದು ಹೆಸರು ಬರುತ್ತದೆ. 89ಕ್ಕೆ ತೀವ್ರ, 118ಕ್ಕೆ ಅತಿ ತೀವ್ರ, 166ಕ್ಕೆ ಅತ್ಯಂತ ತೀವ್ರ. 222ನ್ನು ಮೀರಿದರೆ ಮಹಾ ಚಂಡಮಾರುತ. ಈ ಮೆಟ್ಟಿಲುಗಳ ಬೇರು ಹಳೆಯದು. 1805ರಲ್ಲಿ ಬೋಫರ್ಟ್ ಎಂಬ ಬ್ರಿಟಿಷ್ ನೌಕಾಪಡೆಯ ನಾವಿಕನು ಯಂತ್ರವಿಲ್ಲದೆಯೇ ಹಾಯಿಯ ಸ್ಥಿತಿಯನ್ನು ನೋಡಿ ಗಾಳಿಗೆ ಸೊನ್ನೆಯಿಂದ ಹನ್ನೆರಡರವರೆಗೆ ಅಂಕೆಯನ್ನು ಕೊಟ್ಟನು. ಮುಂದೆ ಅದನ್ನು ನೆಲದವರಿಗಾಗಿ ಮರಗಳ ಲಕ್ಷಣಕ್ಕೆ ಹೊಂದಿಸಿದರು. ದೊಡ್ಡ ಕೊಂಬೆಗಳು ಆಡುತ್ತ ಕೊಡೆಯನ್ನು ಹಿಡಿಯುವುದು ಕಷ್ಟವಾದರೆ ಆರು, ಅಂದರೆ ಸುಮಾರು 40ರಿಂದ 50 ಕಿಲೋಮೀಟರು. ರೆಂಬೆಗಳು ಮುರಿದು ಎದುರುಗಾಳಿಗೆ ನಡೆಯಲಾಗದಿದ್ದರೆ ಎಂಟು. ನಮ್ಮ ಇಲಾಖೆಯ ಚಂಡಮಾರುತವು ಮೊದಲಾಗುವುದೂ ಅಲ್ಲಿಂದಲೇ. ಈ ಮಾಪಕವನ್ನು ಗೌಡರಿಗೆ ಹೇಳಿದಾಗ ಅವರು ನಕ್ಕು, “ನಾವು ಸೋಗೆ ನೋಡಿ ಹೇಳೂದೂ ಅದೇ ಅಲ್ವಾ?” ಎಂದರು. ಅಡಕೆಯ ಸೋಗೆಯು ಬರಿದೆ ಆಡುತ್ತಿದ್ದರೆ ಕೊನೆಗಾರನನ್ನು ಹತ್ತಿಸುವರಂತೆ. ಸೋಗೆಯು ಒಂದೇ ಕಡೆಗೆ ಮಡಿಸಿಕೊಂಡು ಮರವು ಬಾಗತೊಡಗಿದರೆ ಇಳಿಸಿಬಿಡುವರಂತೆ.

ಆದುದರಿಂದ ಗಾಳಿಯ ಅಂಕೆಯನ್ನು ಕಂಡಾಗ ಗೃಹಸ್ಥನು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇದು ಯಾವ ತಾಣದ ಗಾಳಿ? ಎಷ್ಟು ಹೊತ್ತಿನ ಸರಾಸರಿ? ಇದರಲ್ಲಿ ಹೊಡೆತವು ಸೇರಿದೆಯೋ ಇಲ್ಲವೋ? ಅಳೆದದ್ದೋ, ಎಣಿಸಿದ್ದೋ? ದಿನನಿತ್ಯದ ಬಟ್ಟೆ ಒಣಗಿಸುವ ಕೆಲಸಕ್ಕೆ ಫೋನಿನ ಅಂಕೆ ಸಾಕು. ಚಂಡಮಾರುತದ ದಿನಗಳಲ್ಲಿ ಮಾತ್ರ ಹವಾಮಾನ ಇಲಾಖೆಯವರು ನಮ್ಮ ಜಿಲ್ಲೆಗೆ ಕೊಟ್ಟಿರುವ ಹಳದಿ, ಕಿತ್ತಳೆ, ಕೆಂಪು ಬಣ್ಣದ ಎಚ್ಚರಿಕೆಯನ್ನು ಮೊದಲು ನೋಡತಕ್ಕದ್ದು. ದೂರದ ಕಣ್ಣಿನ ದೊಡ್ಡ ಅಂಕೆಯನ್ನಲ್ಲ, ಫೋನಿನ ಸಣ್ಣ ಅಂಕೆಯನ್ನೂ ಅಲ್ಲ. ಎಚ್ಚರಿಕೆಯಿರುವ ದಿನ ಕೊನೆಗಾರನನ್ನು ಮರಕ್ಕೆ ಹತ್ತಿಸದಿರುವುದು, ಮನೆಯ ಮೇಲೆ ಬಾಗಿದ ಕೊಂಬೆಯನ್ನು ಮುಂಗಾರಿಗೆ ಮುನ್ನವೇ ಕಡಿಸುವುದು, ತೋಟದಂಚಿನಲ್ಲಿ ಗಾಳಿಯನ್ನು ತಡೆಯುವ ಕಾಡುಮರಗಳನ್ನು ಉಳಿಸಿಕೊಳ್ಳುವುದು: ಮನೆಯವರು ಮಾಡಬಹುದಾದದ್ದು ಇಷ್ಟು. ಕೊಳೆಯ ಮದ್ದನ್ನು ಎರಡು ದಿನ ತಡೆದು ಹೊಡೆದರೆ ಕೆಲವು ಗೊನೆಗಳು ಹೋಗಬಹುದು; ಗೊನೆಗಳು ಮರುವರ್ಷ ಮತ್ತೆ ಬರುತ್ತವೆ.